ಕೈ ಹಿಂದೆ ಕಟ್ಟಿಕೊಂಡು ಕಲಿಸುವ ಬರವಣಿಗೆ

ಬೈಲಹೊಂಗಲದ ಪ್ಯಾಟಿಯಿಂದ ಹೊಸ ಯಂತ್ರವೊಂದು ಹಳ್ಳಿಯ ಮನೆಗೆ ಬಂತೆನ್ನಿ. ಡಬ್ಬಿ ಬಿಚ್ಚುತ್ತಾರೆ, ಥರ್ಮಾಕೋಲು ಮಕ್ಕಳ ಪಾಲಾಗುತ್ತದೆ, ಗ್ಯಾರಂಟಿ ಕಾರ್ಡು ಟ್ರಂಕಿನ ತಳ ಸೇರುತ್ತದೆ. ಜೊತೆಗೆ ಬಂದ ಎಂಟು ಮಡಿಕೆಯ, ಇರುವೆ ಸಾಲಿನಂಥ ಅಕ್ಷರದ ಕೈಪಿಡಿಯನ್ನು ಯಾರೂ ಬಿಡಿಸುವುದಿಲ್ಲ. ಬಿಡಿಸುವ ದರಕಾರೂ ಇಲ್ಲ, ಮನೆಯಲ್ಲಿ ಎಂಟನೇ ಇಯತ್ತೆಯ ಹುಡುಗನೋ ಹುಡುಗಿಯೋ ಇದ್ದೇ ಇರುತ್ತದೆ. "ಏ ತಮ್ಮಾ, ಇದೇನಾಗೇತಿ ಸ್ವಲ್ಪ ನೋಡೋ." ಅವನು ಆಟ ಬಿಟ್ಟು ಬರುತ್ತಾನೆ, ಪಟಪಟ ನಾಲ್ಕು ಕಡೆ ಒತ್ತುತ್ತಾನೆ, "ಆತು ತಗೊ" ಅಂತ ಕೈಗಿಟ್ಟು ಓಡುತ್ತಾನೆ. ಮುಂದಿನ ವಾರ ಅದೇ ಯಂತ್ರ, ಅದೇ ಕೂಗು, ಅದೇ "ಆತು ತಗೊ".

ಹುಡುಗನಿಗೆ ಗೊತ್ತಿದೆ. ಆದರೆ ಆ ಗೊತ್ತು ಇರುವುದು ಅವನ ಬೆರಳಲ್ಲಿ. ಅಜ್ಜಿ ಕೇಳಿದರೆ "ಹಿಂಗ ಮಾಡೂದು" ಅನ್ನುತ್ತಾನೆಯೇ ಹೊರತು ಹೆಂಗೆ ಎಂದು ಬಾಯಿಬಿಟ್ಟು ಹೇಳಲಾರ. ಬೆರಳಲ್ಲಿರುವುದನ್ನು ಮಾತಿಗೆ, ಮಾತನ್ನು ಕಾಗದಕ್ಕೆ ಇಳಿಸುವುದು ಬೇರೆಯೇ ವಿದ್ಯೆ. ಅದು ಕಂಪ್ಯೂಟರ್ ಪಾಠವಲ್ಲ, ಅಪ್ಪಟ ಕನ್ನಡ ಪಾಠ. ಹಾಗಾಗಿ ಲ್ಯಾಬ್ ಇಲ್ಲದ ಶಾಲೆಯಲ್ಲೂ ನಡೆಯುತ್ತದೆ. ಎಂಟು-ಒಂಬತ್ತನೇ ತರಗತಿಗೆ ಹೇಗಿದ್ದರೂ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನದ) ಚಟುವಟಿಕೆ ಅಂತ ಏನಾದರೂ ಮಾಡಿಸಲೇಬೇಕು. ಗಾದೆ ವಿಸ್ತರಣೆ, ರಜೆ ಚೀಟಿಗಳ ನಡುವೆ ಒಂದು ಸಲ ಇದನ್ನು ಮಾಡಿಸಿ ನೋಡಿ. ನಾಲ್ಕೈದು ಅವಧಿ, ಒಂದು ಭಾನುವಾರ ಸಾಕು.

ಯಾವ ಯಂತ್ರ ಆರಿಸಬೇಕು? ಊರಲ್ಲಿ ದಿನಾ ಕೈಯಾಡುವಂಥದ್ದು. ಬೈಲಹೊಂಗಲ, ಸವದತ್ತಿ ಕಡೆಯ ಹೊಲಗಳಲ್ಲಿ ಬೋರಿಗೆ ಕೂಡಿಸಿದ ಮೊಬೈಲ್ ಸ್ಟಾರ್ಟರ್ ಇದೆ. ಸೋಯಾಬೀನ್, ಹತ್ತಿ ತೂಗುವ ಡಿಜಿಟಲ್ ಕಾಟಾ ಇದೆ. ಕಿತ್ತೂರು, ಎಂ.ಕೆ. ಹುಬ್ಬಳ್ಳಿಯ ಹೈವೇ ಬದಿಯ ಚಹಾದಂಗಡಿಯಲ್ಲಿ ದುಡ್ಡು ಬಂದಿದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್ ಇದೆ. ಹಿರಿಯರ ಮನೆಗಳಲ್ಲಿ ಬಿಪಿ ಯಂತ್ರ, ಸಕ್ಕರೆ ನೋಡುವ ಯಂತ್ರ ಬಂದಿವೆ. 2020ರಿಂದ ರೈತರೇ ತಮ್ಮ ಹೊಲದ ಬೆಳೆಯ ಫೋಟೊ ಹೊಡೆದು ಹಾಕುವ ಬೆಳೆ ಸಮೀಕ್ಷೆ ಆ್ಯಪ್ ಇದೆ. "ಕಂಪ್ಯೂಟರಿನ ಭಾಗಗಳು" ಎಂಬ ಹಳೇ ವಿಷಯವನ್ನು ದಯವಿಟ್ಟು ಕೊಡಬೇಡಿ. ಅದನ್ನು ಗೈಡು ನೋಡಿ ಬರೆದುಬಿಡುತ್ತಾರೆ, ಅದನ್ನು ಓದುವವರು ಮಾಸ್ತರರ ಹೊರತು ಇನ್ನೊಬ್ಬರಿಲ್ಲ.

ಯಂತ್ರಕ್ಕಿಂತ ಮೊದಲು ಓದುಗ ಗೊತ್ತಾಗಬೇಕು. ಹಾಳೆಯ ತುದಿಯಲ್ಲಿ "ಇದು ಯಾರಿಗೆ" ಎಂದು ಒಂದು ಸಾಲು ಬರೆಸಿ. "ಎಲ್ಲರಿಗೂ" ಎಂದು ಬರೆದವರಿಗೆ ವಾಪಸ್ ಕೊಡಿ. "ನಮ್ಮ ದೊಡ್ಡಪ್ಪಗ. ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರಲ್ಲ, ಚಷ್ಮಾ ಮನೆಯಲ್ಲೇ ಬಿಟ್ಟು ಹೊಲಕ್ಕೆ ಹೋಗುತ್ತಾನೆ." ಹೀಗೆ ಬರೆದರೆ ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಮಾತು ಬಳಸಬೇಕು ಎಂಬುದೆಲ್ಲ ಆ ಒಂದು ಸಾಲಿನಿಂದಲೇ ತೀರ್ಮಾನವಾಗುತ್ತದೆ.

ಮೊದಲ ಅವಧಿಯಲ್ಲಿ ಯಂತ್ರ ಬೇಡ, ಒಂದು ರುಮಾಲು ತನ್ನಿ. ತಲೆಗೆ ರುಮಾಲು ಸುತ್ತುವುದು ಹೇಗೆ ಎಂದು ಎಲ್ಲರೂ ಬರೆಯಲಿ. ಅಜ್ಜ ಸುತ್ತುವುದನ್ನು ಕಾಣದ ಮಗು ನಮ್ಮ ಕಡೆ ಸಿಗುವುದು ಕಷ್ಟ. ಬರೆದಾದ ಮೇಲೆ ಒಬ್ಬ ತನ್ನ ಹಾಳೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಕಿವಿಗೆ ಬಿದ್ದಷ್ಟನ್ನೇ ಮಾಡಬೇಕು, ತನ್ನ ತಲೆ ಓಡಿಸಬಾರದು. "ಒಂದು ತುದಿ ಹಿಡಿ" ಅಂದರೆ ಅವಳು ಉದ್ದದ ತುದಿ ಬಿಟ್ಟು ಅಗಲದ ಅಂಚು ಹಿಡಿಯುತ್ತಾಳೆ. "ತಲೆಗೆ ಸುತ್ತು" ಅಂದರೆ ಕಣ್ಣು ಮೂಗು ಸೇರಿಸಿ ಸುತ್ತುತ್ತಾಳೆ. ತರಗತಿ ನಕ್ಕು ಸುಸ್ತಾಗಲಿ. ಓದುವವನ ಕೈಗಳು ಮಾತ್ರ ಬೆನ್ನ ಹಿಂದೆ ಕಟ್ಟಿರಬೇಕು, ತೋರಿಸುವಂತಿಲ್ಲ. ಅವನ ಭುಜ ಹೇಗೆ ಚಡಪಡಿಸುತ್ತದೆ ನೋಡಿ. ತಾನು ಬರೆಯದೇ ಬಿಟ್ಟದ್ದೇನು ಎಂಬುದು ಅವನಿಗೆ ತಿಳಿಯುವುದು ಆ ಚಡಪಡಿಕೆಯಲ್ಲಿ. ಈ ಕೈಕಟ್ಟಿನ ನಿಯಮವನ್ನು ಕಡೆಯತನಕ ಬಿಡಬೇಡಿ. ಇಡೀ ಪಾಠದಲ್ಲಿ ನಾನು ನಂಬಿರುವುದು ಇದೊಂದನ್ನೇ.

ರಾಮದುರ್ಗ, ಸುರೇಬಾನದ ನೇಕಾರರ ಮಕ್ಕಳಿದ್ದರೆ ಅವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. ಎಳೆ ಹರಿದರೆ ಗಂಟು ಹಾಕುವುದನ್ನು ಅವರಿಗೆ ಯಾರೂ ಬರೆದು ಕೊಟ್ಟಿಲ್ಲ, ಮಗ್ಗದ ಪಕ್ಕ ಕೂತು ನೋಡುತ್ತ ಬಂದದ್ದು. ನೋಡಿ ಕಲಿಯಲು ಪಕ್ಕದಲ್ಲಿ ಒಬ್ಬರು ಇರಬೇಕು. ಕೈಪಿಡಿ ಇರುವುದೇ ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತಿಗೆ.

ಎರಡನೇ ಅವಧಿಗೆ ಬಿಪಿ ಯಂತ್ರ ತರಿಸಿ. ಶಾಲೆಯಲ್ಲೇ ಪರೀಕ್ಷಿಸಬಹುದು, ಶಾಕ್ ಹೊಡೆಯುವ ಭಯವಿಲ್ಲ. ಮಕ್ಕಳ ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ: "ಯಂತ್ರ ಆನ್ ಮಾಡಿ ಪಟ್ಟಿಯನ್ನು ಕೈಗೆ ಕಟ್ಟಿ ಸ್ಟಾರ್ಟ್ ಒತ್ತಿದರೆ ಬಿಪಿ ಬರುತ್ತದೆ." ಇದನ್ನು ಓದಿದ ಅಜ್ಜಿ ಪಟ್ಟಿಯನ್ನು ಬಳೆಗಳ ಮೇಲೆ, ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾಳೆ. ತಪ್ಪು ಅವಳದಲ್ಲ. ಕನ್ನಡದಲ್ಲಿ ಬೆರಳ ತುದಿಯಿಂದ ಭುಜದವರೆಗೂ ಕೈಯೇ. ಅದಕ್ಕೆ "ರಟ್ಟಿ" ಎಂಬ ಚೆಂದದ ಶಬ್ದ ನಮ್ಮ ಕಡೆ ಇದೆ. "ಮೇಲ್ತೋಳು" ಎಂದರೆ ಅಜ್ಜಿ ಮುಖ ನೋಡುತ್ತಾಳೆ, "ರಟ್ಟಿಗೆ ಸುತ್ತಿರಿ" ಎಂದರೆ ತಾನೇ ಕುಪ್ಪಸದ ತೋಳು ಏರಿಸುತ್ತಾಳೆ. ತಿದ್ದಿದ ಮೇಲೆ ಹಾಳೆ ಹೀಗಾಗಬೇಕು:

1. ಚಹಾ ಕುಡಿದಿದ್ದರೆ, ತಂಬಾಕು ಹಾಕಿದ್ದರೆ ಅರ್ಧ ತಾಸು ತಡೆಯಿರಿ.
2. ಕುರ್ಚಿಗೆ ಬೆನ್ನು ಆನಿಸಿ ಕೂಡಿರಿ. ಎರಡೂ ಪಾದ ನೆಲ ಮುಟ್ಟಲಿ. ಐದು ನಿಮಿಷ ಸುಮ್ಮನಿರಿ.
3. ಪಟ್ಟಿಯನ್ನು ಬರೀ ರಟ್ಟಿಗೆ ಸುತ್ತಿರಿ, ಅರಿವೆಯ ಮೇಲೆ ಬೇಡ. ಮೊಳಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಇರಲಿ.
4. ಕೈಯನ್ನು ಮೇಜಿನ ಮೇಲೆ ಇಡಿರಿ. ಪಟ್ಟಿ ಎದೆಯ ಮಟ್ಟಕ್ಕೆ ಬರಲಿ.
5. ದೊಡ್ಡ ಬಟನ್ ಒಮ್ಮೆ ಒತ್ತಿರಿ. ಪಟ್ಟಿ ಬಿಗಿಯಾಗುತ್ತದೆ, ಆಮೇಲೆ ತಾನೇ ಸಡಿಲಾಗುತ್ತದೆ. ಅಲ್ಲಿತನಕ ಮಾತು ಬೇಡ.
6. ಮೂರು ಸಂಖ್ಯೆ ಕಾಣುತ್ತವೆ. ಮೇಲಿನ ಎರಡು ಬಿಪಿ, ಕೆಳಗಿನದು ನಾಡಿ. ಮೂರನ್ನೂ ತಾರೀಖು ಹಾಕಿ ಬರೆದಿಡಿರಿ.
7. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿರಿ.

ಕೆಳಗೊಂದು ಸಾಲು: ಸಂಖ್ಯೆ ನೋಡಿ ಗುಳಿಗೆ ಹೆಚ್ಚುಕಡಿಮೆ ಮಾಡಬೇಡಿರಿ, ಬರೆದಿಟ್ಟದ್ದನ್ನು ಡಾಕ್ಟರರಿಗೆ ತೋರಿಸಿರಿ. ಆರನೇ ಸಾಲಿಗೆ ಪರದೆಯ ಚಿತ್ರ ಬೇಕೇ ಬೇಕು. ಎಷ್ಟೋ ಮನೆಯಲ್ಲಿ ನಾಡಿಯ ಎಪ್ಪತ್ತೆರಡನ್ನೇ ಬಿಪಿ ಎಂದು ತಿಳಿದು ಗಾಬರಿಯಾಗುತ್ತಾರೆ. ಯಂತ್ರದ ಕಂಪನಿ ಬದಲಾದರೆ ಸಂಖ್ಯೆಗಳ ಜಾಗವೂ ಬದಲಾಗಬಹುದು, ಆದ್ದರಿಂದ ಮಕ್ಕಳು ತಮ್ಮ ಮುಂದಿರುವ ಯಂತ್ರವನ್ನೇ ನೋಡಿ ಚಿತ್ರ ಬರೆಯಲಿ.

ಆ ಏಳು ಸಾಲಿನಲ್ಲಿ "ಒತ್ತಿ" ಎಂದಿಲ್ಲ, "ಒತ್ತಿರಿ" ಎಂದಿದೆ, ಗಮನಿಸಿದಿರಾ? ಇಲ್ಲಿ ಸ್ವಲ್ಪ ವ್ಯಾಕರಣ ಬರುತ್ತದೆ, ಬೇಸರಿಸಬೇಡಿ. ಫೋನಿನಲ್ಲಿ, ಜಾಹೀರಾತಿನಲ್ಲಿ ಕಾಣುವ "ಒತ್ತಿ", "ಹಾಕಿ", "ತೆರೆಯಿರಿ"ಗಳಲ್ಲಿ ಮೊದಲೆರಡಕ್ಕೆ ಎರಡು ಅರ್ಥ. ಒತ್ತಿ ಎಂದರೆ ಒತ್ತಿರಿ ಎಂಬ ವಿನಂತಿಯೂ ಹೌದು, ಒತ್ತಿದ ನಂತರ ಎಂಬ ಕೃದಂತವೂ ಹೌದು. "ಬಟನ್ ಒತ್ತಿ" ಎಂದು ಸಾಲು ಮುಗಿದರೆ ಓದುವವರು ಮುಂದೇನೋ ಇದೆ ಎಂದು ಕಾಯುತ್ತಾರೆ. ನಮ್ಮ ಕಡೆಯ ಆಡುಮಾತಿನಲ್ಲಿ ಈ ತೊಡಕೇ ಇಲ್ಲ. "ಒತ್ರಿ", "ಹಾಕ್ರಿ", "ತೆಗೀರಿ" ಎಂದಾಗ ಆ "ರಿ" ಬಂದಲ್ಲಿಗೆ ಕೆಲಸ ಮುಗಿಯಿತು. ಬೆಂಗಳೂರಿನವರು ನಗುವ ನಮ್ಮ "ರಿ" ಕೈಪಿಡಿಗೆಂದೇ ಹುಟ್ಟಿದ ಪ್ರತ್ಯಯ.

ಇನ್ನೊಂದು, ಕನ್ನಡದವರು ಸರಪಳಿ ಕಟ್ಟುವುದರಲ್ಲಿ ಜಾಣರು. "ವಾಯರ್ ತೆಗೆದು ಬಟನ್ ಒತ್ತಿ ಹಿಡಿದು ದೀಪ ಬಂದ ಮೇಲೆ ಬಿಟ್ಟು ಮತ್ತೆ ಹಾಕಿ." ವಾಕ್ಯ ಒಂದು, ಕೆಲಸ ಐದು. ಕಥೆಗೆ ಇದು ಸೊಗಸು, ಯಂತ್ರಕ್ಕೆ ಅಪಾಯ. ಒಂದು ಸಾಲಿಗೆ ಒಂದೇ ಕೆಲಸ, ಆ ಕೆಲಸದ ನಂತರ ಏನು ಕಾಣಬೇಕು ಎಂಬುದು ಪಕ್ಕದಲ್ಲೇ. "ಹಸಿರು ದೀಪ ಹತ್ತುತ್ತದೆ", "ಟಿಂಗ್ ಅನ್ನುತ್ತದೆ", ಹೀಗೆ. ಏನೂ ಕಾಣದಿದ್ದರೆ ಓದುವವರು ಅದನ್ನೇ ಹತ್ತು ಸಲ ಒತ್ತುತ್ತಾರೆ.

ಆದರೆ ನಮ್ಮ ಭಾಷೆಗೆ ಒಂದು ಲಾಭವೂ ಇದೆ. ಷರತ್ತು ಮೊದಲು ಬಂದು ಕ್ರಿಯಾಪದ ಕೊನೆಗೆ ಬರುತ್ತದೆ. "ದೀಪ ಕೆಂಪಾಗಿದ್ದರೆ ಮುಟ್ಟಬೇಡಿರಿ" ಎಂಬಲ್ಲಿ ಮುಟ್ಟುವ ಮೊದಲೇ ದೀಪ ನೋಡಿರುತ್ತೇವೆ. ಇಂಗ್ಲಿಷ್‌ನಿಂದ ಪದಕ್ಕೆ ಪದ ತಂದ ಕೈಪಿಡಿಗಳು ಇದನ್ನು ತಲೆಕೆಳಗು ಮಾಡುತ್ತವೆ: ಇದನ್ನು ಒತ್ತಿ, ಅದಕ್ಕೂ ಮೊದಲು ಅದನ್ನು ಖಚಿತಪಡಿಸಿಕೊಳ್ಳಿ. ಅಷ್ಟರಲ್ಲಿ ಒತ್ತಿ ಆಗಿರುತ್ತದೆ. ನಷ್ಟದ ಬಾಬತ್ತು "ಬೇಡ". ಅದೂ ಕೊನೆಗೇ ಬರುವುದರಿಂದ ಅರ್ಧ ಓದಿದವರಿಗೆ ಉಲ್ಟಾ ಅರ್ಥ ಹೋಗುತ್ತದೆ. ಆದ್ದರಿಂದ ಎಚ್ಚರಿಕೆಯ ಸಾಲು ಯಾವಾಗಲೂ "ಎಚ್ಚರ" ಎಂಬ ದಪ್ಪ ಅಕ್ಷರದಿಂದಲೇ ಶುರುವಾಗಲಿ, ಪಕ್ಕಕ್ಕೆ ಒಂದು ಗುಣಾಕಾರ ಚಿಹ್ನೆ ಇರಲಿ.

ಶಬ್ದಗಳ ಬಗ್ಗೆ ತರಗತಿಯಲ್ಲಿ ಜಗಳ ಆಗಲಿ, ಆಗಬೇಕು. ಆನ್-ಆಫ್ ಎನ್ನೋಣವೇ, ಚಾಲೂ-ಬಂದ್ ಎನ್ನೋಣವೇ? ನನ್ನ ಮತ ಚಾಲೂ-ಬಂದ್‌ಗೆ, ಸವದತ್ತಿ ಸಂತೆಯಲ್ಲಿ ಯಾರನ್ನು ಕೇಳಿದರೂ ಗೊತ್ತು. "ಗುಂಡಿ ಒತ್ತಿರಿ" ಅನ್ನುವುದಕ್ಕಿಂತ "ಬಟನ್ ಒತ್ತಿರಿ" ವಾಸಿ, ಗುಂಡಿ ಎಂದರೆ ರಸ್ತೆಯದೂ ನೆನಪಾಗುತ್ತದೆ. ಆದರೆ ಪರದೆಯ ಮೇಲೆ ಏನು ಬರೆದಿದೆಯೋ ಅದನ್ನು ಮಾತ್ರ ಬದಲಿಸುವಂತಿಲ್ಲ. ಫೋನಿನಲ್ಲಿ "ರದ್ದುಮಾಡಿ" ಎಂದಿದ್ದರೆ ಹಾಳೆಯಲ್ಲೂ "ರದ್ದುಮಾಡಿ" ಎಂದೇ ಇರಬೇಕು, "ಕ್ಯಾನ್ಸಲ್" ಎಂದು ಬರೆದರೆ ಓದುವವರು ಪರದೆಯಲ್ಲಿ ಅದನ್ನೇ ಹುಡುಕುತ್ತ ಕೂರುತ್ತಾರೆ. ಇಂಗ್ಲಿಷ್ ಅಕ್ಷರವಿದ್ದರೆ ಅದನ್ನು ಚಿತ್ರದಂತೆ ಬಿಡಿಸಲಿ: ಗುಡಾರದ ಹಾಗಿರುವುದು, ಹಾವಿನ ಹಾಗಿರುವುದು. ಈ ಮಕ್ಕಳಿಗೆ ಚಿತ್ರ ಗುರುತಿಟ್ಟು ಹೆಜ್ಜೆ ಹೆಜ್ಜೆ ಹೋಗುವುದು ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿಯ ಕಾರ್ಡು, ಕಲಿಕಾ ಏಣಿ ಹಿಡಿದೇ ಅವರಲ್ಲಿ ಬಹಳಷ್ಟು ಮಂದಿ ಅಕ್ಷರ ಕಲಿತವರು. ಆಗ ಓದಿದ ಕಾರ್ಡಿನಂಥದ್ದನ್ನು ಈಗ ತಾವೇ ಬರೆಯುತ್ತಾರೆ, ಅಷ್ಟೇ.

ಈಗ ಮೊಬೈಲ್ ಸ್ಟಾರ್ಟರ್. ಇದು ಈ ಭಾಗದ ಅತಿ ಉಪಯುಕ್ತ ವಿಷಯ, ಅತಿ ಜೋಕೆಯದೂ. ಪಂಪ್‌ಸೆಟ್ಟಿನ ಪೆಟ್ಟಿಗೆಗೆ ಕೂಡಿಸಿದ ಸಣ್ಣ ಯಂತ್ರದಲ್ಲಿ ಒಂದು ಸಿಮ್ ಇರುತ್ತದೆ. ಮನೆಯಿಂದ ಕರೆ ಮಾಡಿದರೋ ಮೆಸೇಜು ಕಳಿಸಿದರೋ ಮೋಟರು ಚಾಲೂ ಆಗುತ್ತದೆ. ತ್ರೀ ಫೇಸ್ ಕರೆಂಟು ಪಾಳಿ ಪ್ರಕಾರ ಬರುವ ಊರಲ್ಲಿ ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವುದು ಇದರಿಂದ ತಪ್ಪಿದೆ. ಕೆಲಸ ಸುಲಭ, ಆದರೆ ಕೆಟ್ಟು ನಿಂತಾಗ ರೈತನಿಗೆ ಕಾರಣ ಗೊತ್ತಾಗುವುದಿಲ್ಲ. ಒಂದು ಫೇಸ್ ಇಲ್ಲದಿದ್ದರೆ ಅದು ಬೇಕೆಂದೇ ಚಾಲೂ ಆಗುವುದಿಲ್ಲ, ಮೋಟರು ಸುಡದಿರಲಿ ಎಂದು. ಬೋರಿನಲ್ಲಿ ನೀರು ಇಳಿದರೆ ತಾನೇ ಬಂದ್ ಆಗುವ ವ್ಯವಸ್ಥೆ ಹಲವಕ್ಕಿದೆ. ಸಿಮ್ಮಿನ ರಿಚಾರ್ಜ್ ಮುಗಿದಿರಬಹುದು, ಸಿಗ್ನಲ್ ಇಲ್ಲದಿರಬಹುದು, ಮಗ ಹೊಸ ನಂಬರಿನಿಂದ ಕರೆ ಮಾಡಿರಬಹುದು. ಯಂತ್ರ ಕೇಳುವುದು ತನ್ನಲ್ಲಿ ದಾಖಲಾದ ನಂಬರಿನ ಮಾತನ್ನು ಮಾತ್ರ. ಇವನ್ನೆಲ್ಲ "ಹಿಂಗಾದ್ರ, ಹಿಂಗ ಮಾಡ್ರಿ" ಎಂದು ಎರಡು ಪಟ್ಟಿಯಲ್ಲಿ ಬರೆಸಿ. ಚಾಲೂ ಮಾಡುವುದು ಹೇಗೆಂಬುದು ನಾಲ್ಕು ಸಾಲು, ಆಗದಿದ್ದರೆ ಏನೆಂಬುದು ಹದಿನಾಲ್ಕು ಸಾಲು. ನನ್ನ ಲೆಕ್ಕದಲ್ಲಿ ಒಳ್ಳೆಯ ಕೈಪಿಡಿಯ ಗಾತ್ರ ಹಾಗೇ ಇರಬೇಕು.

ಎಲ್ಲಕ್ಕಿಂತ ಮೇಲೆ ಬರೆಯಬೇಕಾದದ್ದು ಇದು. ಎಚ್ಚರ: ಪೆಟ್ಟಿಗೆ ಆಟೋದಲ್ಲಿದ್ದರೆ ಕರೆಂಟು ಬಂದೊಡನೆ ಯಾರೂ ಮುಟ್ಟದೆ ಮೋಟರು ತಿರುಗುತ್ತದೆ. ಮೋಟರು, ಪೈಪು, ವಾಯರು ಏನನ್ನೇ ಮುಟ್ಟುವ ಮೊದಲು ಮೇನ್ ಸ್ವಿಚ್ ಬಂದ್ ಮಾಡಿರಿ. ಫೋನಿನಿಂದ ಬಂದ್ ಮಾಡಿದ್ದು ಬಂದ್ ಅಲ್ಲ. ಮಕ್ಕಳಿಗೂ ಕಟ್ಟುನಿಟ್ಟಾಗಿ ಹೇಳಿ, ಪೆಟ್ಟಿಗೆಯ ಬಾಗಿಲು ತೆಗೆಯುವಂತಿಲ್ಲ, ಒಳಗೆ ನಾನೂರರ ಮೇಲೆ ವೋಲ್ಟು. ಹೊರಗಿನ ದೀಪ, ಬಟನ್, ಫೋನು ಇಷ್ಟೇ ಅವರ ವಿಷಯ. ಪಕ್ಕದಲ್ಲಿ ದೊಡ್ಡವರಿರಬೇಕು, ಕಂಪನಿಯ ಪುಸ್ತಕ ಇದ್ದರೆ ಅದನ್ನೂ ಎದುರಿಗಿಟ್ಟುಕೊಂಡು ಹೊಂದಿಸಿ ನೋಡಬೇಕು.

ಫೋನ್-ಪೇಮೆಂಟಿನ ಕೈಪಿಡಿ ಆರಿಸಿದ ಗುಂಪಿಗೆ ಬೇರೆ ಜೋಕೆ. ಮಾದರಿ ಚಿತ್ರಕ್ಕೆ ಮನೆಯವರ ಫೋನಿನ ಪರದೆಯನ್ನು ಹಾಗೇ ಹೊಡೆದು ಅಂಟಿಸುವಂತಿಲ್ಲ. ನಂಬರು, ಆಧಾರ್, ಖಾತೆಯ ಹಣ ಎಲ್ಲ ಹೊರಬೀಳುತ್ತದೆ. ಕೈಯಲ್ಲೇ ಚಿತ್ರ ಬರೆಯಲಿ. ಪಿನ್ ಯಾರಿಗೂ, ಬರೆಯುವ ಮೊಮ್ಮಗನಿಗೂ ಹೇಳುವಂಥದ್ದಲ್ಲ. ಹಣ ಬರುವುದಕ್ಕೆ ಪಿನ್ ಬೇಡ, ಕೊಡುವುದಕ್ಕೆ ಬೇಕು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ. ಇವೆರಡು ಸಾಲು ಕಡ್ಡಾಯ.

ಬರೆದಾಯಿತು, ಇನ್ನು ಭಾನುವಾರದ ಕೆಲಸ. ಪ್ರತಿ ಗುಂಪು ತನ್ನ ಹಾಳೆಯನ್ನು ಐದು ಜನರಿಂದ ಓದಿಸಿ, ಓದಿದಂತೆ ಮಾಡಿಸಿ ಬರಬೇಕು. ಐದೇ ಏಕೆಂದರೆ, ಬಳಕೆಯ ಪರೀಕ್ಷೆಯಲ್ಲಿ ಪಳಗಿದ ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದಂತೆ ಬಹುಪಾಲು ತೊಡಕು ಮೊದಲ ಐದು ಜನರಲ್ಲೇ ಹೊರಬೀಳುತ್ತದೆ, ಆಮೇಲೆ ಕಾಣುವುದೆಲ್ಲ ಕಂಡದ್ದೇ. ಐವರಲ್ಲಿ ಇಬ್ಬರಾದರೂ ಅರವತ್ತು ದಾಟಿದವರಿರಲಿ. ಮನೆಮಾತು ಉರ್ದು, ಮರಾಠಿ ಇರುವವರೂ ಒಬ್ಬರಿರಲಿ, ಬೆಳಗಾವಿ ಜಿಲ್ಲೆಯಲ್ಲಿ ಅದಕ್ಕೇನು ಬರ. ಹುಡುಗರು ಕೈ ಹಿಂದೆ ಕಟ್ಟಿ ನಿಲ್ಲಬೇಕು. ಓದುವವರು ಎಲ್ಲಿ ನಿಂತರು, ಎಲ್ಲಿ ಹಿಂದಿನ ಸಾಲಿಗೆ ಹೋದರು, ಎಲ್ಲಿ "ಇದೇನಪಾ" ಅಂದರು, ಅಲ್ಲೊಂದು ಚುಕ್ಕೆ. ಸೋಮವಾರ ಚುಕ್ಕೆ ಬಿದ್ದ ಸಾಲನ್ನಷ್ಟೇ ತಿದ್ದಬೇಕು. "ಅಜ್ಜಿಗೆ ತಿಳಿಯಲಿಲ್ಲ ಸರ್" ಎಂದು ಬರುವ ಹುಡುಗನಿಗೆ ನಾನು ಕೊಡುವ ಉತ್ತರ ಒಂದೇ: ಯಾವ ಸಾಲು?

ಜನ ಕೈಪಿಡಿಯನ್ನು ಮೊದಲಿನಿಂದ ಓದುವುದಿಲ್ಲ ಎಂಬುದು ಹಳ್ಳಿಯ ದೋಷವೇನಲ್ಲ. ಜಾನ್ ಕ್ಯಾರೊಲ್ ಎಂಬಾತ ಐಬಿಎಂ ಕಂಪನಿಯಲ್ಲಿದ್ದಾಗ, ಹೊಸದಾಗಿ ಕಂಪ್ಯೂಟರ್ ಕಲಿಯುವ ಆಫೀಸಿನವರನ್ನು ಕೂತು ನೋಡಿದ. ಅವರೂ ಪುಸ್ತಕ ಬದಿಗಿಟ್ಟು ನೇರ ಯಂತ್ರಕ್ಕೆ ಕೈ ಹಾಕುತ್ತಿದ್ದರು, ಸಿಕ್ಕಿಬಿದ್ದಾಗ ಮಾತ್ರ ಪುಟ ತಿರುಗಿಸುತ್ತಿದ್ದರು. ಅದಕ್ಕವನು ಪೀಠಿಕೆ, ವಿವರಣೆ ಕಿತ್ತುಹಾಕಿ, ಮಾಡುವ ಕೆಲಸ ಮತ್ತು ತಪ್ಪಿದರೆ ಹೊರಬರುವ ದಾರಿ ಇವಿಷ್ಟನ್ನೇ ಇಟ್ಟು ಕೈಪಿಡಿ ಮಾಡಿದ. ಜನ ಬೇಗ ಕಲಿತರು. 1990ರಲ್ಲಿ ಇದರ ಮೇಲೆ ಅವನ ಪುಸ್ತಕವೇ ಬಂತು. ನಮ್ಮ ಮಕ್ಕಳ ಹಾಳೆಯಿಂದ "ಆಧುನಿಕ ಯುಗದಲ್ಲಿ ತಂತ್ರಜ್ಞಾನವು ಮಾನವನ ಅವಿಭಾಜ್ಯ ಅಂಗವಾಗಿದೆ" ಎಂಬ ಪೀಠಿಕೆಯನ್ನು ಕಿತ್ತುಹಾಕಲು ಇಷ್ಟು ಆಧಾರ ಸಾಕು. ಪ್ರಬಂಧದ ಚಟ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಕೆಂಪು ಶಾಯಿ ಹಿಡಿದೇ ಕೂರಿ.

ಕನ್ನಡಕ್ಕೆ ಈ ಬರವಣಿಗೆ ಪರಕೀಯ ಎಂದು ಯಾರಾದರೂ ಮೂಗು ಮುರಿದರೆ 1025ರ ಸುಮಾರಿನ ಎರಡನೇ ಚಾವುಂಡರಾಯನ "ಲೋಕೋಪಕಾರ"ದ ಹೆಸರು ಹೇಳಿ. ನೀರಿನ ನೆಲೆ ಹುಡುಕುವುದು, ಗಿಡ ಬೆಳೆಸುವುದು, ಅಡುಗೆ, ಮದ್ದು ಎಲ್ಲ ಅದರಲ್ಲಿದೆ. ಪದ್ಯದಲ್ಲಿದೆ, ಏಕೆಂದರೆ ಆಗ ಬಾಯಿಪಾಠಕ್ಕೆ ಬೇಕಿತ್ತು. ನಮಗೀಗ ಗೋಡೆಗೆ ಅಂಟಿಸಲು ಬೇಕು.

ಕೈಬರಹವೇ ಸಾಕು, ಮಣ್ಣು ಎಣ್ಣೆ ತಾಗುವ ಜಾಗಕ್ಕೆ ಲ್ಯಾಮಿನೇಶನ್ ಮಾಡಿಸಿ. ಟೈಪ್ ಮಾಡಿಸುವುದಿದ್ದರೆ ಯೂನಿಕೋಡ್‌ನಲ್ಲೇ ಮಾಡಿಸಿ. ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿ ಹೊಡೆದದ್ದನ್ನು ವಾಟ್ಸಾಪಿಗೆ ಅಂಟಿಸಿದರೆ ಆ ಕಡೆ ಇಂಗ್ಲಿಷ್ ಅಕ್ಷರಗಳ ಗಿಜಿಬಿಜಿ ಕಾಣುತ್ತದೆ. ಅಂಕ ಕೊಡುವಾಗ ಅಕ್ಷರ ದುಂಡಗಿದೆಯೋ ಎಂದು ನೋಡಬೇಡಿ. ಮೊದಲ ಕರಡು, ಚುಕ್ಕೆ ಬಿದ್ದ ಹಾಳೆ, ತಿದ್ದಿದ ಹಾಳೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚುಕ್ಕೆಯೇ ಇಲ್ಲದ ಹಾಳೆ ಬಂದರೆ ಅನುಮಾನಿಸಿ, ಹುಡುಗ ಹಿರಿಯರ ಕೈಯಿಂದ ಯಂತ್ರ ಕಸಿದು "ಆತು ತಗೊ" ಅಂದಿರುತ್ತಾನೆ.

ಹಾಳೆಯ ಕೆಳಮೂಲೆಯಲ್ಲಿ ಬರೆದ ತಾರೀಖು, ಯಂತ್ರದ ಮಾದರಿ ಸಂಖ್ಯೆ ಇರಬೇಕು. ಆ್ಯಪು ಆರು ತಿಂಗಳಿಗೊಮ್ಮೆ ಮುಖ ಬದಲಿಸುತ್ತದೆ, ಸ್ಟಾರ್ಟರಿನ ಸಿಮ್ಮಿಗೆ ರಿಚಾರ್ಜ್ ದಿನ ಬರುತ್ತದೆ. ತಾರೀಖಿನ ಕೆಳಗೆ ನಾಲ್ಕು ಗೆರೆ ಖಾಲಿ ಬಿಡಿಸಿ. ಮುಂದಿನ ವರ್ಷದ ಎಂಟನೇ ಇಯತ್ತೆಯವರು ಪಂಪ್‌ಸೆಟ್ಟಿನ ಮನೆಗೆ ಹೋಗಿ ನೋಡಿ, ಎಣ್ಣೆ ಹೆಬ್ಬೆಟ್ಟಿನ ಗುರುತು ಯಾವ ಸಾಲಿನ ಮೇಲೆ ಹೆಚ್ಚು ಬಿದ್ದಿದೆಯೋ ಆ ಸಾಲನ್ನು ತಿದ್ದಲು ಅಷ್ಟು ಜಾಗ ಬೇಕು.